ಬಡಗಿಯ ಭುಜದ ಅಳತೆ

"ಗುರುಗಳೇ, ಮೂಳೆ ಕೂಡಿದೆ ಎಂದು ವೈದ್ಯನೇ ಹೇಳಿದ. ಕೂಡಿದ ಮೇಲೂ ನನ್ನನ್ನು ದಿನಾ ನೋಯಿಸುವ ಅಧಿಕಾರವನ್ನು ಅವನಿಗೆ ಕೊಟ್ಟವರು ಯಾರು?"

ಕೇಳಿದವನು ಅಡವಯ್ಯ, ಮಠಕ್ಕೆ ಸೇರಿದ, ಗುಡ್ಡದ ಮೇಲಿನ ಪಾಠಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಶಿಷ್ಯ. ಮೂರು ತಿಂಗಳ ಹಿಂದೆ ಜಾರಿ ಬಿದ್ದು ಮೊಣಕಾಲಿನ ಚಿಪ್ಪು ಮುರಿದುಕೊಂಡಿದ್ದ. ಕಟ್ಟು ಬಿಚ್ಚಿದ ಮೇಲೆ ವೈದ್ಯನು ಕಾಲನ್ನು ಮಡಿಸಿ ಚಾಚುವ ವ್ಯಾಯಾಮವನ್ನು ಹೇಳಿಕೊಟ್ಟಿದ್ದ. ಅಡವಯ್ಯ ಹತ್ತು ದಿನ ಮಾಡಿದ, ನೋವು ತಾಳದೆ ಬಿಟ್ಟ. ಆ ದಿನ ಬೆಳಿಗ್ಗೆ ವೈದ್ಯನು ತಾನಾಗಿ ಬಂದು ಕಾಲಿಗೆ ಕೈ ಹಾಕಿದಾಗ ಅಡವಯ್ಯ ಅವನನ್ನು ಬೈದು ಕಳಿಸಿದ್ದ.

"ನನ್ನ ಉತ್ತರ ಸಿಟ್ಟಿನಲ್ಲೇ ಬರುತ್ತದೆ. ಕೇಳುತ್ತೀಯಾ?" ಎಂದರು ಗುರುಗಳು.

"ನಾನು ಕೇಳಿದ್ದೂ ಸಿಟ್ಟಿನಲ್ಲೇ."

"ಹಾಗಾದರೆ ಕೂತುಕೋ. ಕಾಲು ಚಾಚಿಯೇ ಕೂತುಕೋ, ಮಡಿಸಲು ಬರುವುದಿಲ್ಲವಲ್ಲ."

ಅಡವಯ್ಯ ಮುಖ ಬಿಗಿದುಕೊಂಡು ಕುಳಿತ. ಗುರುಗಳು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿಯಿದ್ದ. ಆ ಊರಿನಲ್ಲಿ ಹೊಸ ಮನೆಗೆ ಬಾಗಿಲು ನಿಲ್ಲಿಸುವ ದಿನ ಒಂದು ಪದ್ಧತಿ ನಡೆಯುತ್ತಿತ್ತು. ಚೌಕಟ್ಟನ್ನು ಯಾರು ಬೇಕಾದರೂ ಮಾಡಬಹುದು, ಯಾರು ಬೇಕಾದರೂ ಎತ್ತಿ ನಿಲ್ಲಿಸಬಹುದು. ಆದರೆ ಮೇಲಿನ ಅಡ್ಡಪಟ್ಟಿಗೆ ಕೊನೆಯ ಬೆಣೆಯನ್ನು ಊರಿನ ಹಿರಿಯ ಬಡಗಿಯೇ ಹೊಡೆಯಬೇಕು. ಹೊಸ್ತಿಲ ಮುಂದೆ ಬರಿಗಾಲಲ್ಲಿ ನೆಲದ ಮೇಲೆ ನಿಂತು, ಬಲಗೈಯಿಂದ ಹೊಡೆಯಬೇಕು. ಏಣಿ ಕೂಡದು, ಮಣೆ ಕೂಡದು, ಎಡಗೈ ಕೂಡದು. ಹೊಡೆದವನಿಗೆ ಮನೆಯವರು ಶಾಲು ಹೊದಿಸಿ ಕೈಮುಗಿಯುತ್ತಿದ್ದರು. ಹೊಡೆಯಲಾರದ ದಿನ ಅವನ ಹಿರಿತನ ಮುಗಿಯುತ್ತಿತ್ತು. ಈ ಬಡಗಿ ಆ ಊರಿನ ಹಿರಿಯ ಬಡಗಿ.

ಒಂದು ದಿನ ಅವನು ಮನೆಯೊಂದರ ಮಾಡಿನ ಮೇಲಿನಿಂದ ಬಿದ್ದ. ಬಲತೋಳಿನ ಮೂಳೆ ಭುಜದ ಹತ್ತಿರ ಮುರಿಯಿತು. ಮೂಳೆ ಕಟ್ಟುವವನು ಬಿದಿರಿನ ದಬ್ಬೆಗಳನ್ನಿಟ್ಟು ಕಟ್ಟಿದ. ಒಂದೂವರೆ ತಿಂಗಳ ಮೇಲೆ ಬಿಚ್ಚಿದ. ಮೂಳೆ ಕೂಡಿತ್ತು. ಕೈ ಮಾತ್ರ ಎದೆಯಿಂದ ಮೇಲೆ ಏಳಲಿಲ್ಲ.

ಅದೇ ಊರಿನಲ್ಲಿ ಒಬ್ಬ ಮುದುಕಿಯಿದ್ದಳು. ಮೂಳೆ ಕೂಡಿದ ಮೇಲೆ ಕೈಕಾಲುಗಳಿಗೆ ಅವುಗಳ ಕೆಲಸವನ್ನು ಮರಳಿ ಕಲಿಸುವುದು ಅವಳ ಕಸುಬು. ಅವಳು ಬಂದು ಬಡಗಿಯನ್ನು ಗೋಡೆಗೆ ಎದುರಾಗಿ ನಿಲ್ಲಿಸಿದಳು. ಇದ್ದಿಲು ತೆಗೆದುಕೊಂಡು ಅವನ ಎದೆಯ ಮಟ್ಟದಿಂದ ತಲೆಯ ಮೇಲೆ ಒಂದು ಮೊಳದವರೆಗೆ ಒಂದರ ಮೇಲೊಂದು ಗೆರೆ ಎಳೆದಳು.

"ಬೆರಳುಗಳಿಂದ ಗೋಡೆ ಹತ್ತು. ದಿನಕ್ಕೆ ಎರಡು ಹೊತ್ತು, ನಾಲ್ಕು ತಿಂಗಳು. ಮೇಲಿನ ಗೆರೆ ಮುಟ್ಟುವ ತನಕ ನಿನ್ನ ಕೈ ವಾಸಿಯಾಯಿತು ಎಂದು ಯಾರು ಹೇಳಿದರೂ ನಂಬಬೇಡ, ನೀನು ಹೇಳಿಕೊಂಡರೂ ನಂಬಬೇಡ."

"ನೋಯುತ್ತದಲ್ಲ ಅಮ್ಮಾ."

"ನೋಯುತ್ತದೆ. ಇರಿದ ಹಾಗೆ ನೋವಾದರೆ ನಿಲ್ಲಿಸು, ನನ್ನನ್ನು ಕರೆ. ಎಳೆದ ಹಾಗೆ ನೋವಾದರೆ ನನ್ನನ್ನು ಬೈಯುತ್ತಾ ಮುಂದುವರಿಸು. ನನ್ನ ಕಿವಿಗೆ ರೂಢಿಯಿದೆ."

ಬಡಗಿ ಬೈಯುತ್ತಾ ಮುಂದುವರಿಸಿದ. ಒಂದು ತಿಂಗಳಲ್ಲಿ ಕೈ ಗಲ್ಲದ ಮಟ್ಟಕ್ಕೆ ಬಂತು. ಅಲ್ಲಿಂದ ಮೇಲಿನ ಗೆರೆ ಬಹಳ ನೋಯಿಸಿತು. ಎಂಟು ದಿನ ಹೆಣಗಿದ. ಒಂಬತ್ತನೆಯ ದಿನ ಅವನಿಗೆ ತಾನು ಬಡಗಿ ಎಂಬುದು ನೆನಪಾಯಿತು.

ಗರಗಸ ತೂಗುಹಾಕುವ ಗೂಟ ಅವನ ತಲೆಯಿಂದ ಮೇಲಿತ್ತು. ಅದನ್ನು ಎಡಗೈಯಿಂದ ಕಿತ್ತು ಗಲ್ಲದ ಮಟ್ಟಕ್ಕೆ ಹೊಡೆದ. ಗರಗಸ ನೋವಿಲ್ಲದೆ ಕೈಗೆ ಬಂತು. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ದಿನ ಗೋಡೆ ಕೆರೆದೆನಲ್ಲ ಎಂದು ತನ್ನನ್ನೇ ಹಳಿದುಕೊಂಡ. ಮರುದಿನ ಉಳಿಗಳ ಹಲಗೆಯನ್ನು ಇಳಿಸಿದ. ಅದರ ಮರುದಿನ ಬಟ್ಟೆ ಹಾಕುವ ಗಳವನ್ನು ಇಳಿಸಿದ. ಕೆಲಸ ಅಚ್ಚುಕಟ್ಟಾಗಿತ್ತು. ನೆರೆಹೊರೆಯವರು ಬಂದು ನೋಡಿ, "ಕೈ ಹೋದರೂ ತಲೆ ಹೋಗಿಲ್ಲ ನಮ್ಮ ಆಚಾರಿಗೆ" ಎಂದು ಹೊಗಳಿದರು.

ಮುದುಕಿಯೂ ಬಂದು ನೋಡಿದಳು. ಅವಳು ಹೊಗಳಲಿಲ್ಲ.

"ಎಂದೂ ಏಳದ ಕೈಗೆ ಗೂಟ ಇಳಿಸಲೇಬೇಕು. ಅಂಥ ನಾಲ್ಕು ಮನೆಗಳಲ್ಲಿ ನಾನೇ ನಿಂತು ಇಳಿಸಿ ಹಾಕಿಸಿದ್ದೇನೆ, ನಿನ್ನ ಕೈಯಿಂದಲೇ. ನಿನ್ನದು ಏಳುವ ಕೈ ಕಣೋ!"

"ನನಗೀಗ ನೋವಿಲ್ಲ."

"ಒಣಗಿದ ಕೊಂಬೆಗೂ ಇಲ್ಲ."

ಬಡಗಿ ಅವಳಿಗೆ ಬಾಗಿಲು ತೋರಿಸಿದ.

ಕೈಯ ಸ್ವಭಾವ ಹೀಗಿದೆ, ಅಡವಯ್ಯ. ನಾವು ಯಾವ ಎತ್ತರವನ್ನು ಕೇಳುವುದಿಲ್ಲವೋ ಆ ಎತ್ತರವನ್ನು ಅದು ಮರೆಯುತ್ತದೆ. ಗಲ್ಲದ ಮಟ್ಟದ ಗೂಟಕ್ಕೆ ಕೈ ಗಲ್ಲದವರೆಗೆ ಏಳಬೇಕು, ಅದಕ್ಕಿಂತ ಹೆಚ್ಚು ಬೇಕಿಲ್ಲ. ಹೆಚ್ಚು ಬೇಕಿಲ್ಲದ ಕೈ ಒಂದು ವರ್ಷದಲ್ಲಿ ಅಷ್ಟನ್ನೂ ಕೊಡಲಿಲ್ಲ. ಬಡಗಿ ಗೂಟವನ್ನು ಭುಜದ ಮಟ್ಟಕ್ಕೆ ಇಳಿಸಿದ. ಗೋಡೆಯಲ್ಲಿ ಹಳೆಯ ತೂತುಗಳು ಉಳಿದವು. ಮುದುಕಿಯ ಗೆರೆಗಳು ಮೇಲಕ್ಕೆ ಹೋಗುತ್ತಿದ್ದವು, ಬಡಗಿಯ ತೂತುಗಳು ಕೆಳಕ್ಕೆ ಬರುತ್ತಿದ್ದವು.

ಅವನ ಹೆಂಡತಿ ಒಂದು ದಿನ ಒದ್ದೆ ಸೀರೆಯನ್ನು ಅವನ ಮುಂದೆ ಎಸೆದಳು. "ಗಳ ಇನ್ನೂ ಎಷ್ಟು ಇಳಿಯುತ್ತದೆ? ನೆಲಕ್ಕೇ ಹಾಸಿ ಒಣಗಿಸಲೇ?"

"ನನ್ನ ನೋವು ನಿನಗೇನು ಗೊತ್ತು?"

"ನಿಮ್ಮ ನೋವು ಗೊತ್ತಿಲ್ಲ. ಬಗ್ಗಿ ಬಗ್ಗಿ ನನ್ನ ಸೊಂಟ ಹಿಡಿದದ್ದು ಗೊತ್ತು."

ಬಡಗಿ ಬಿದ್ದ ಮೇಲೆ ಊರಿನಲ್ಲಿ ಮೊದಲ ಹೊಸ ಮನೆಯನ್ನು ಆ ವರ್ಷ ಒಬ್ಬ ವ್ಯಾಪಾರಿ ಕಟ್ಟಿಸಿದ. ಬಾಗಿಲು ನಿಲ್ಲಿಸಲು ಎರಡು ದಿನವಿರುವಾಗ ಬಡಗಿ ತಾನೇ ಮಾಡಿದ ಚೌಕಟ್ಟಿನ ಮುಂದೆ ನಿಂತ. ಬಲಗೈಯಲ್ಲಿ ಬೆಣೆ ಹೊಡೆಯುವ ಕೊಡತಿ ಹಿಡಿದು ಎತ್ತಿದ. ಕೊಡತಿಯ ತಲೆ ಅಡ್ಡಪಟ್ಟಿಯ ಕೆಳಗೆ ಒಂದು ಮೊಳ ದೂರದಲ್ಲೇ ನಿಂತಿತು. ಹಲ್ಲು ಕಚ್ಚಿ ಎತ್ತಿದ. ಏಳಲಿಲ್ಲ. ಎರಡು ದಿನದ ಮೇಲೆ ಊರಿನವರೆಲ್ಲ ಅಲ್ಲಿ ನಿಂತಿರುತ್ತಾರೆ. ಬೇರೆ ಬಡಗಿಗಳೂ ನಿಂತಿರುತ್ತಾರೆ.

ಅವನು ಗರಗಸ ತೆಗೆದುಕೊಂಡು ಚೌಕಟ್ಟಿನ ಎರಡು ಕಾಲುಗಳನ್ನೂ ಒಂದೊಂದು ಮೊಳ ಕೊಯ್ದ.

ವ್ಯಾಪಾರಿ ನೋಡಿ ಗಾಬರಿಯಾದ. "ಇದೇನು ಆಚಾರಿ, ನನ್ನ ಮನೆಗೆ ಕುರಿಗಳು ಬರುತ್ತವೆಯೇ?"

"ದೊರೆ ಬಂದರೂ ನಿಮ್ಮ ಮನೆಯೊಳಗೆ ತಲೆ ತಗ್ಗಿಸಿಯೇ ಬರಬೇಕು ಯಜಮಾನರೇ. ಅದಕ್ಕೇ ಹೀಗೆ ಮಾಡಿದೆ."

ವ್ಯಾಪಾರಿಗೆ ಆ ಮಾತು ಬಹಳ ಹಿಡಿಸಿತು. ಬಡಗಿ ಬೆಣೆ ಹೊಡೆದ. ಶಾಲು ಹೊದಿಸಿಕೊಂಡ. ವ್ಯಾಪಾರಿಗೆ ಇದ್ದ ಬಾಗಿಲು ಪಟೇಲನಿಗೂ ಬೇಕಾಯಿತು. ಪಟೇಲನಿಗೆ ಇದ್ದದ್ದು ಎಲ್ಲರಿಗೂ ಬೇಕಾಯಿತು. ಹತ್ತು ವರ್ಷದಲ್ಲಿ ಊರಿನ ಅರ್ಧ ಬಾಗಿಲುಗಳು ಗಿಡ್ಡವಾದವು. ಉಳಿದ ಬಡಗಿಗಳು ಅದನ್ನೇ ಸರಿಯಾದ ಅಳತೆಯೆಂದು ಕಲಿತರು. ವಿನಯದ ಬಾಗಿಲು ಎಂದು ಅದಕ್ಕೆ ಹೆಸರೂ ಬಂತು.

ಮುದುಕಿಗೆ ಕೈತುಂಬ ಕೆಲಸವಾಯಿತು. ಮೂಟೆ ಹೊತ್ತು ಬಗ್ಗಿ ನುಗ್ಗುವಾಗ ಬೆನ್ನು ಹಿಡಿದವನು ಬಂದ. ತುಂಬಿದ ಕೊಡದೊಂದಿಗೆ ಮುಗ್ಗರಿಸಿ ಮಣಿಕಟ್ಟು ಮುರಿದುಕೊಂಡವಳು ಬಂದಳು. ಮುದುಕಿ ಅವರ ಬೆನ್ನು ತಿದ್ದಿದಳು, ಮಣಿಕಟ್ಟು ತಿದ್ದಿದಳು, ಭಾರವನ್ನು ಎತ್ತುವ ರೀತಿ ಕಲಿಸಿದಳು. ಹೋಗುವಾಗ ಒಬ್ಬೊಬ್ಬರಿಗೂ, "ಮೊದಲು ಆ ಬಾಗಿಲು ಎತ್ತರ ಮಾಡಿಸಿ" ಎಂದಳು. ಅವರು ನಕ್ಕರು. ಮುದುಕಿಗೆ ವಿನಯ ಕಡಿಮೆ ಎಂದರು.

ಒಂದು ದಿನ ಒಬ್ಬ ತಂದೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ತನ್ನ ಮನೆಗೆ ಓಡಿ ಬಂದ. ಮಗು ನಗುತ್ತಿತ್ತು. ಅವನೂ ನಗುತ್ತಿದ್ದ. ನಗುತ್ತಲೇ ಮನೆಯೊಳಗೆ ಹೋದ. ತಾನು ಬಗ್ಗಿದ, ಹೆಗಲ ಮೇಲಿದ್ದವಳನ್ನು ಮರೆತ.

ಮಗು ಉಳಿಯಲಿಲ್ಲ.

 

ಮುದುಕಿ ಆ ದಿನ ಕೂಗಾಡಲಿಲ್ಲ. ಆ ಮನೆಯ ಮುಂದೆ ಊರು ನೆರೆದಿತ್ತು, ಬಡಗಿಯೂ ಕೆಲಸದ ನಡುವೆ ಅಳತೆಕೋಲು, ಕೊಡತಿಯೊಂದಿಗೇ ಓಡಿ ಬಂದಿದ್ದ. ಅವಳು ಅವನ ಕೈಯಿಂದಲೇ ಅಳತೆಕೋಲನ್ನು ತೆಗೆದುಕೊಂಡು ಬಾಗಿಲನ್ನು ಅಳೆದಳು. ಕೋಲಿನ ಮೇಲೆ ಬೆರಳಿಟ್ಟು ಗುರುತು ಹಿಡಿದಳು. ಕೊಡತಿಯನ್ನು ಅವನ ಬಲಗೈಗೆ ಕೊಟ್ಟು, "ಎತ್ತು" ಎಂದಳು. ಎತ್ತಿದ. ಕೋಲನ್ನು ಪಕ್ಕದಲ್ಲಿ ನಿಲ್ಲಿಸಿದಳು. ಕೊಡತಿಯ ತಲೆ ಅವಳ ಬೆರಳಿನ ನೇರಕ್ಕೆ ಬಂದು ನಿಂತಿತು.

"ಹತ್ತು ವರ್ಷದಿಂದ ನೀವು ಬಾಗುತ್ತಿರುವುದು ಇದಕ್ಕೆ," ಎಂದು ಜನಕ್ಕೆ ಹೇಳಿದಳು.

ಬಡಗಿ ಕೊಡತಿ ಇಳಿಸಿದ. "ನಾನು ಯಾರನ್ನೂ ನೋಯಿಸಬೇಕೆಂದು ಮಾಡಲಿಲ್ಲ ಅಮ್ಮಾ. ನನ್ನ ನೋವನ್ನು ತಪ್ಪಿಸಿಕೊಂಡೆ, ಅಷ್ಟೇ."

"ತಪ್ಪಿಸಿಕೊಳ್ಳಲಿಲ್ಲ, ಹಂಚಿದೆ. ನಾನು ಕೊಟ್ಟದ್ದು ನಾಲ್ಕು ತಿಂಗಳ ನೋವು. ಅದು ನಿನ್ನೊಬ್ಬನದೇ ಆಗಿತ್ತು, ನಿನ್ನಲ್ಲೇ ಮುಗಿಯುತ್ತಿತ್ತು."

ಮರುದಿನ ಬೆಳಿಗ್ಗೆ ಬಡಗಿ ಯಾರೂ ಕರೆಯದೆ ಹೋಗಿ ಗೋಡೆಯ ಮುಂದೆ ನಿಂತ. ಗೆರೆಗಳು ಅಳಿಸಿಹೋಗಿದ್ದವು. ಮುದುಕಿ ಬಂದು ಹೊಸದಾಗಿ ಎಳೆದುಕೊಟ್ಟಳು. ಅವಳಿಗೆ ಅವನ ಮೇಲಿನ ಸಿಟ್ಟು ಹೋಗಿರಲಿಲ್ಲ. ಸಿಟ್ಟಿನಿಂದಲೇ ದಿನಾ ಬಂದಳು. ನಾಲ್ಕು ತಿಂಗಳಿಗೆ ಆಗಬೇಕಾದದ್ದಕ್ಕೆ ಮೂರು ವರ್ಷ ಹಿಡಿಯಿತು. ಕೈ ಕಣ್ಣಿನವರೆಗೆ ಎದ್ದಿತು. ಅಲ್ಲಿಂದ ಮೇಲೆ ಏಳಲಿಲ್ಲ. ಊರಿನವರು ಬಾಗಿಲುಗಳನ್ನು ಕಿತ್ತು ಎತ್ತರ ಮಾಡಿಸಿಕೊಂಡರು. ಕೊನೆಯ ಬೆಣೆಗಳನ್ನು ಬೇರೊಬ್ಬ ಬಡಗಿ ಹೊಡೆದ.

ಕತೆ ಮುಗಿಯಿತು. ಅಡವಯ್ಯನ ಮುಖ ಕೆಂಪಾಗಿತ್ತು.

"ಆ ಬಡಗಿಗಿಂತ ಊರಿನವರ ಮೇಲೆ ನನಗೆ ಸಿಟ್ಟು ಬರುತ್ತಿದೆ ಗುರುಗಳೇ! ಒಬ್ಬನ ಭುಜಕ್ಕಾಗಿ ಹತ್ತು ವರ್ಷ ಬಾಗಿದರಲ್ಲ, ಇದು ಯಾರ ಅಳತೆ ಎಂದು ಒಬ್ಬನಾದರೂ ಕೇಳಬಾರದಿತ್ತೇ?"

ಗುರುಗಳು ಹೇಳಿದರು: "ಮಕ್ಕಳು ದಿನಾ ಓಡಿ ಹತ್ತುವ ಗುಡ್ಡದ ಮೇಲಿನ ಪಾಠಶಾಲೆಗೆ ಬೀಗ ಹಾಕಿ, ನಾಳೆಯಿಂದ ಪಾಠ ಕೆಳಗಿನ ಉಗ್ರಾಣದಲ್ಲೇ ಎಂದು ನಿನ್ನೆ ಹೇಳಿ ಕಳಿಸಿದೆಯಲ್ಲ ಅಡವಯ್ಯ, ಅದು ಯಾರ ಮೊಣಕಾಲಿನ ಅಳತೆ?"