ತಣ್ಣಗೆ ಕುದಿಯುವ ಕೊಳ

“ಮರುಳುಗಿರಿಯ ಜನರೆಲ್ಲ ಕಿವಿಗೊಟ್ಟು ಕೇಳಿ. ಅರಸರ ಮಗಳು ಅಮ್ಮಣ್ಣಿ ನಾಗಲಾದೇವಿಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಒಡೆದವನಿಗೆ ಅವರನ್ನು ಕೊಟ್ಟು ಮದುವೆ, ಜೊತೆಗೆ ಬೇಡಿದ ಒಂದು ವರ. ಒಂದು ತಪ್ಪಿದರೂ ಸಂಜೆಯೊಳಗೆ ನಿದ್ದೆಹಳ್ಳಕ್ಕೆ ಇಳಿಯಬೇಕು. ಇದು ಅರಸರ ಆಜ್ಞೆ,” ಎಂದು ಡಂಗುರದವನು ಸಾರಿದ.

ನಿದ್ದೆಹಳ್ಳವೆಂದರೆ ಗುಡ್ಡದ ಬುಡದ ತಗ್ಗು. ಪಕ್ಕದಲ್ಲೇ, ಗಾಳಿಯಾಡುವ ದಿಣ್ಣೆಯ ಮೇಲೆ ಒಂದು ಕೊಳ, ಮುಟ್ಟಿದರೆ ತಣ್ಣಗೆ, ನೋಡಿದರೆ ಕುದಿಯುತ್ತಿರುತ್ತದೆ. ಆ ತಗ್ಗಿನಲ್ಲಿ ಗಾಳಿ ಆಡುವುದಿಲ್ಲ, ಇಳಿದ ಹಕ್ಕಿ ಮೇಲೇಳುವುದಿಲ್ಲ. ಮೂರು ವರ್ಷದ ಹಿಂದೆ ಹೂ ಬಿಡಿಸಲು ಹೋದ ಮಹಾರಾಣಿ, ಅಮ್ಮಣ್ಣಿಯ ತಾಯಿ, ಅಲ್ಲೇ ಹುಲ್ಲಿನ ಮೇಲೆ ಉಸಿರಿಲ್ಲದೆ, ನಿದ್ದೆಹೋದವರಂತೆ ಸಿಕ್ಕಿದ್ದರು. ಅಂದಿನಿಂದ ಅಮ್ಮಣ್ಣಿ ಕೊಳದ ದಡದಲ್ಲಿ ಕೂತು ಗುಳ್ಳೆ ನೋಡುತ್ತಿದ್ದಳು. ಒಗಟು ಹುಟ್ಟಿದ್ದೂ ಅಲ್ಲೇ. ಅರಮನೆಯವರ ದುಃಖಕ್ಕೂ ಊರವರ ತಲೆಯೇ ಬೇಕು, ಏನು ಮಾಡೋಣ.

ದರ್ಬಾರು ದಡದಲ್ಲೇ ಕೂಡಿತು. ಅಮ್ಮಣ್ಣಿ ಕೇಳಿದಳು: “ಬೆಂಕಿಯ ಹೊಟ್ಟೆಯಲ್ಲಿ ಹುಟ್ಟಿದವನು, ದೀಪ ಕಂಡರೆ ಆರಿಸುತ್ತಾನೆ. ಕಣ್ಣಿಗೆ ಕಾಣದವನು, ನೆಲ ಬಿಟ್ಟು ಏಳಲಾರ. ಯಾರು?”

ದಳವಾಯಿಯ ಮಗ ವೀರಕಂಪ ಮೀಸೆ ತಿರುವಿ, “ಹೊಗೆ” ಎಂದ. ಹೊಗೆ ಏಳುವುದನ್ನು ಅವನು ನೋಡೇ ಇರಲಿಲ್ಲವೇನೋ. ಭಟರು ಅವನನ್ನು ಪಕ್ಕಕ್ಕೆ ಕೂರಿಸಿದರು.

ತ್ರಿಲೋಚನ ಪಂಡಿತ ಬಹಳ ಯೋಚಿಸಿ, “ಪಾತಾಳದ ಉಸಿರು” ಎಂದ. ಸಭೆ ತಲೆದೂಗಿತು. ಅಮ್ಮಣ್ಣಿ ಎರಡನೆಯದನ್ನು ಕೇಳಿದಳು: “ಅವನನ್ನು ಗುಡ್ಡದಡಿ ಕೂಡಿಹಾಕಿರುವ, ಬೀಗವಿಲ್ಲದ ಬಾಗಿಲು ಯಾವುದು?”

“ಕರಿಗಲ್ಲು. ಅದಕ್ಕಿಂತ ಗಟ್ಟಿ ಏನಿದೆ?” ಎಂದ ಪಂಡಿತ. ಅವನೂ ವೀರಕಂಪನ ಪಕ್ಕ ಕೂತ.

ಆಮೇಲೆ ಯಾರೂ ಏಳಲಿಲ್ಲ. ಬಿಸಿಲು ಇಳಿಯತೊಡಗಿದಾಗ ಹಿಂದಿನಿಂದ ಒಬ್ಬ ಬಂದ. ಮೈಯೆಲ್ಲ ಮಣ್ಣು, ಕೈಯಲ್ಲೊಂದು ನಿಂಬೆಹಣ್ಣು. ಅರಸರ ಮುಂದೆ ಬರಿಗೈಯಲ್ಲಿ ಹೋಗಬಾರದೆಂದು ತಂದಿದ್ದ. ಬಾವಿ ತೋಡುವ ಈರಬೊಮ್ಮ ಅವನು.

“ನಿನಗೆ ಮದುವೆಯ ಆಸೆಯೇನಯ್ಯ?” ಅರಸ ನಕ್ಕ.

“ಅದಲ್ಲ ಬುದ್ಧಿ. ನಂದೊಂದು ಮಾತೈತೆ. ಸುಮ್ಮನೆ ಬಂದ್ರೆ ತಮ್ಮ ಕಾವಲಿನೋರು ಒಳಗೆ ಬಿಡಾಕಿಲ್ಲ. ಮೂರು ತಿಂಗಳು ತಿರುಗಿದೀನಿ.”

ಅಮ್ಮಣ್ಣಿ ಅವನನ್ನು ದಿಟ್ಟಿಸಿ ನೋಡಿದಳು. “ಮೊದಲನೆಯದು?”

“ನಾವು ಕೆಟ್ಟ ಗಾಳಿ ಅಂತೀವಿ. ಬಾವಿಗೆ ಇಳಿಯೋ ಮುಂಚೆ ಹಗ್ಗ ಕಟ್ಟಿ ದೀಪ ಇಳಿಸ್ತೀವಿ. ದೀಪ ಆರಿದ್ರೆ ಅವನು ಒಳಗವ್ನೆ ಅಂತ.”

“ಬಾಗಿಲು?”

“ಜೇಡಿಮಣ್ಣು. ಕರಿಗಲ್ಲು ಭೂಮಿ ನಡುಗಿದ್ರೆ ಬಿರುಕು ಬಿಡ್ತದೆ. ಆ ಬಿರುಕಿನಾಗೆ ನುಸುಳ್ಕೊಂಡೇ ಅವನು ಈ ಕೊಳದಾಗೆ ಗುಳ್ಳೆ ಆಗ್ತಾನೆ. ಒದ್ದೆ ಜೇಡಿ ಬಗ್ಗತದೆ, ಬಿರಿಯಾಕಿಲ್ಲ. ಕೆರೆ ಏರಿ ಸೋರಿದ್ರೆ ಅದನ್ನೇ ಮೆತ್ತಲ್ವಾ?”

ಅಮ್ಮಣ್ಣಿಯ ದನಿ ಸಣ್ಣದಾಯಿತು. “ಮೂರನೆಯದಕ್ಕೆ ನನಗೂ ಉತ್ತರ ಗೊತ್ತಿಲ್ಲ. ನನಗೆ ಒಪ್ಪಿಗೆಯಾದರೆ ನೀನು ಬದುಕುತ್ತೀಯ. ಆ ಕಳ್ಳ ಓಡದೆ ಒಂದೆಡೆ ನಿಲ್ಲುವ ದಿನ ಬರುತ್ತದೆಯೇ?”

ಈರಬೊಮ್ಮ ನೀರಿನ ಅಂಚಿಗೆ ಹೋದ. ಗುಳ್ಳೆಗಳು ಮಾತು ಕಲಿಯುತ್ತಿರುವ ಮಗುವಿನಂತೆ ಗುಳುಗುಳು ಎನ್ನುತ್ತಿದ್ದವು. ಬಗ್ಗಿ ದಡದ ಬಿಳಿಕಲ್ಲೊಂದನ್ನು ಒಡೆದು, ಒಡೆದ ಮೈಗೆ ನಿಂಬೆಹಣ್ಣು ಹಿಂಡಿದ. ಕಲ್ಲು ನೊರೆಯಾಡಿತು. ಕೊಳದವೇ ಗುಳ್ಳೆಗಳು, ಸಾಸಿವೆಯಷ್ಟು ಸಣ್ಣವು.

“ಈ ಕಲ್ಲಾಗೇ ಅವ್ನೆ ನೋಡಿ ಅಮ್ಮಣ್ಣಿ. ಕೆಳಗೆ ಮರಳುಕಲ್ಲಿನ ಸಂದಿಯಾಗೆ ನೀರೈತೆ. ಅವನು ಅದರಾಗೆ ಕರಗ್ತಾನೆ, ಕರಗಿ ಕರಗಿ ಕಡೆಗೆ ಕಲ್ಲಾಗ್ತಾನೆ. ಸೆರೆಗೆ ಹೋದೋನೇ ಗೋಡೆ ಆದಂಗೆ. ಆದ್ರೆ ಅದಕ್ಕೆ ಸಾವಿರಾರು ವರ್ಷ ಬೇಕು. ಅಲ್ಲೀಗಂಟ ಮುಚ್ಚಳ ತೆಗೀಬಾರದು.” ಅವನು ಅರಸನ ಕಡೆ ತಿರುಗಿದ. “ತಮ್ಮ ಕೋಟೆ ಇಟ್ಟಿಗೆಗೆ ದಿನಾ ಇಪ್ಪತ್ತು ಗಾಡಿ ಜೇಡಿ ಅಗೀತಾವ್ರೆ ಬುದ್ಧಿ. ಅದೇ ಮುಚ್ಚಳ. ಇನ್ನೊಂದಾಳುದ್ದ ಅಗೆದ್ರೆ ಊರಿಗೆ ಊರೇ ಮಲಗ್ತದೆ.”

ಅರಸನ ಮುಖ ಕೆಂಪಾಯಿತು. “ಕೋಟೆ ನಿಲ್ಲಿಸಲೇ? ಇವನ ಮಾತಿಗೆ?”

“ಉತ್ತರ ನನಗೆ ಒಪ್ಪಿಗೆ ಅಪ್ಪಾಜಿ,” ಎಂದಳು ಅಮ್ಮಣ್ಣಿ. “ಅವನ ವರ ಅದು.”

ಕೊಟ್ಟ ಮಾತು ದರ್ಬಾರಿನ ಎದುರು ಕೊಟ್ಟದ್ದು. ಅರಸ ಹಲ್ಲುಕಚ್ಚಿ ಅಗೆತ ನಿಲ್ಲಿಸಿದ. ಪಕ್ಕದಲ್ಲಿ ಬೆವರುತ್ತಿದ್ದ ಇಬ್ಬರನ್ನೂ ಅಮ್ಮಣ್ಣಿಯೇ ಮನೆಗೆ ಕಳಿಸಿದಳು. ಜನ ಚದುರಿದ ಮೇಲೆ ಕೇಳಿದಳು: “ಇಷ್ಟೆಲ್ಲ ಹೇಗೆ ಕಲಿತೆ?”

“ಒಂದಿನ ಆತುರದಾಗೆ ದೀಪ ಇಳಿಸಲಿಲ್ಲ. ‘ಇಳಿಯಪ್ಪ, ಏನಾಗಾಕಿಲ್ಲ’ ಅಂದೆ. ನಮ್ಮಪ್ಪ ಇಳಿದ.”

ಅಮ್ಮಣ್ಣಿ ಪೀಠದಿಂದ ಇಳಿದು ಅವನ ಪಕ್ಕ ಮಣ್ಣಿನಲ್ಲಿ ಕೂತಳು. ಮೂರು ವರ್ಷ ಯಾರಿಗೂ ಹೇಳದ್ದು ಅವಳ ಬಾಯಿಂದ ಬಂತು.

“ಆ ಹೂವು ಬೇಕು ಅಂತ ಹಟ ಹಿಡಿದವಳು ನಾನು.”

ಅವಳು ಅಳುವುದು ಮುಗಿಯುವವರೆಗೆ ಅವನು ಎದ್ದು ಹೋಗಲಿಲ್ಲ. ಮುಂದಿನ ಮಾಸದಲ್ಲಿ ಅವರಿಬ್ಬರ ಮದುವೆಯಾಯಿತು.