ಹಗೇವಿನ ಉಸಿರು

"ಗುರುಗಳೇ, ಬಿಟ್ಟ ಉಸಿರು ಎಲ್ಲಿಗೆ ಹೋಗುತ್ತದೆ?"

ಕೇಳಿದವನು ಮಠದ ಶಿಷ್ಯ ನಿರುಪಾದಿ. ಹಿಂದಿನ ದಿನ ಮಠದ ಹಿರಿಯರೊಬ್ಬರು ತೀರಿಕೊಂಡಾಗ ಅವರ ತಲೆ ಅವನ ತೊಡೆಯ ಮೇಲಿತ್ತು. ಕೊನೆಯ ಉಸಿರು ಅವನ ಅಂಗೈಗೆ ತಾಗಿ ಹೋಗಿತ್ತು. ಆಮೇಲೆ ಅವನಿಗೆ ಅನ್ನ ಸೇರಿರಲಿಲ್ಲ.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ತಾಯಿ ಮತ್ತು ತಮ್ಮ ಅವನೊಂದಿಗೇ ಇದ್ದರು. ಹೊಲದ ಮೇಲುಬದಿಯ ಗಟ್ಟಿ ನೆಲದಲ್ಲಿ ಅವರದೊಂದು ಹಗೇವು ಇತ್ತು. ನೆಲದೊಳಗೆ ಆಳವಾಗಿ ತೋಡಿ, ಒಳಗೆಲ್ಲ ಹುಲ್ಲು ಹಾಸಿ, ಕಾಳು ತುಂಬಿಡುವ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ. ಅದರಲ್ಲಿ ಅರ್ಧದಷ್ಟು ಜೋಳ ಉಳಿದಿತ್ತು. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿ ಎರಡು ಮಳೆಗಾಲ ಕಳೆದಿದ್ದವು.

ತಮ್ಮನ ಮದುವೆ ಗೊತ್ತಾಯಿತು. ಬೀಗರು ಬರುವವರಿದ್ದರು, ಜೋಳ ಬೇಕಾಗಿತ್ತು. ಬೆಳಿಗ್ಗೆ ಚಪ್ಪಡಿ ಸರಿಸಿದರು. ಒಂದು ದಿನ ಬಾಯಿ ತೆರೆದಿಡಿ, ದೀಪ ಇಳಿಸಿ ನೋಡದೆ ಯಾರೂ ಇಳಿಯಬೇಡಿ ಎಂದು ತಾಯಿ ಹೇಳಿದಳು. ರೈತನಿಗೆ ಅವಸರವಿತ್ತು.

"ನಮ್ಮ ಕೈಯಾರೆ ತುಂಬಿದ ಜೋಳವಮ್ಮ. ಅದು ನಮ್ಮನ್ನೇನು ಮಾಡೀತು?" ಎಂದ. ತಮ್ಮನಿಗೆ ಇಳಿ ಎಂದು ಸನ್ನೆ ಮಾಡಿದ.

ತಮ್ಮ ಹಗ್ಗ ಹಿಡಿದು ನಗುತ್ತಲೇ ಇಳಿದ. ಕೆಳಗೆ ಕಾಲೂರಿದವನು ಜೋಳದ ಮೇಲೆ ಕುಳಿತ. ದಣಿದವರು ಗೋಡೆಗೆ ಒರಗುವಂತೆ ಒರಗಿದ. ಅವನು ಹುಡುಗಾಟ ಆಡುತ್ತಿದ್ದಾನೆಂದು ರೈತ ಗದರಿದ. ಬುಟ್ಟಿ ಇಳಿಬಿಟ್ಟ. ಬುಟ್ಟಿ ತಮ್ಮನ ತಲೆಗೆ ತಾಗಿತು. ತಲೆ ಪಕ್ಕಕ್ಕೆ ವಾಲಿತು.

ರೈತ ಗುಂಡಿಗೆ ಕಾಲು ಹಾಕಿದ. ತಾಯಿ ಓಡಿ ಬಂದು ಅವನ ಜುಟ್ಟು ಹಿಡಿದು ಎಳೆದಳು. ಅಕ್ಕಪಕ್ಕದ ಹೊಲದವರು ಬಂದು ಅವನನ್ನು ನೆಲಕ್ಕೆ ಒತ್ತಿ ಹಿಡಿದರು. ಯಾರೋ ಹಣತೆಯನ್ನು ದಾರಕ್ಕೆ ಕಟ್ಟಿ ಇಳಿಸಿದರು. ಸೊಂಟದಾಳಕ್ಕೆ ಹೋಗುವಷ್ಟರಲ್ಲಿ ಅದು ಆರಿಹೋಯಿತು. ಗಾಳಿ ಬೀಸಿದಾಗ ಓಲಾಡಿ ಆರುವಂತೆ ಅಲ್ಲ, ಬೆರಳಿನಿಂದ ಹಿಸುಕಿದಂತೆ.

ಆಮೇಲೆ ಕಂಬಳಿಗಳನ್ನು ಗುಂಡಿಯೊಳಗೆ ಬಿಟ್ಟು, ಮೇಲೆಳೆದು, ಹೊರಗೆ ಬೀಸಿದರು. ಎಲ್ಲರಿಗಿಂತ ಹೆಚ್ಚು ಬೀಸಿದವನು ರೈತ. ಒಳಗಿನ ಗಾಳಿಯನ್ನೆಲ್ಲ ಅವನು ಕೆಳಗಿನ ಹೊಲದ ಕಡೆಗೆ ತಳ್ಳಿದ. ಅಲ್ಲಿ ಮೊಣಕಾಲೆತ್ತರದ ಜೋಳದ ಪೈರು ನಿಂತಿತ್ತು. ಮತ್ತೆ ಇಳಿಸಿದ ದೀಪ ಉರಿಯುತ್ತಲೇ ಉಳಿದಾಗ ತಮ್ಮನನ್ನು ಮೇಲೆತ್ತಿದರು. ಮೈಮೇಲೆ ಗಾಯವಿರಲಿಲ್ಲ. ಹಾವು ಕಚ್ಚಿದ ಗುರುತಿರಲಿಲ್ಲ. ಮುಚ್ಚಿದ ಮುಷ್ಟಿಯಲ್ಲಿ ಒಂದಿಷ್ಟು ಜೋಳವಿತ್ತು.

ರೈತನಿಗೆ ಅಳು ಬರಲಿಲ್ಲ. ಗುಂಡಿಯೊಳಗೆ ವಿಷವಿದೆ, ಯಾರೋ ಹಾಕಿದ್ದಾರೆ ಎಂದ. ಎಲ್ಲರ ಮುಖವನ್ನೂ ಸಂಶಯದಿಂದ ನೋಡಿದ. ತಮ್ಮನನ್ನು ಮಣ್ಣು ಮಾಡಿ ಬಂದ ಮೇಲೆ ಒಬ್ಬನೇ ಕಲ್ಲು ಹೊತ್ತು, ಜೋಳದ ಸಮೇತ ಹಗೇವನ್ನು ತುಂಬಿಸಿಬಿಟ್ಟ.

ಊರ ಶಾಲೆಯ ಮೇಷ್ಟ್ರು ಅವನನ್ನು ಸಮಾಧಾನ ಮಾಡಲು ಬಂದರು. ವಿಷವನ್ನು ಯಾರೂ ಹಾಕಿಲ್ಲ ಎಂದರು. ಕಾಳಿಗೂ ಜೀವವಿದೆ, ಅದೂ ಉಸಿರಾಡುತ್ತದೆ. ಇದ್ದಿಲಿನಲ್ಲಿರುವ ಇಂಗಾಲವೇ ಕಾಳಿನಲ್ಲೂ ಇದೆ, ನಮ್ಮ ಮೈಯಲ್ಲೂ ಇದೆ, ಕಾಳೂ ನಾವೂ ಬಿಡುವ ಉಸಿರಿನಲ್ಲೂ ಇದೆ. ಮುಚ್ಚಿದ ಗುಂಡಿಯಲ್ಲಿ ಆ ಉಸಿರು ಹೋಗಲು ದಾರಿಯಿಲ್ಲದೆ ತುಂಬಿ ನಿಂತಿತ್ತು. ಬಯಲಿಗೆ ಬಂದರೆ ಅದರಿಂದ ಕೇಡಿಲ್ಲ. ಪೈರು ಅದನ್ನೇ ಎಲೆಯಿಂದ ಎಳೆದುಕೊಂಡು, ಬಿಸಿಲಿನ ಬಲದಿಂದ ಮತ್ತೆ ಕಾಳು ಕಟ್ಟುತ್ತದೆ. ಹೀಗೆ ಹೇಳಿ ಮೇಷ್ಟ್ರು ಹೋದರು. ರೈತ ಕೇಳಿಸಿಕೊಂಡನೋ ಇಲ್ಲವೋ, ತಲೆ ಎತ್ತಲಿಲ್ಲ.

ಸುಗ್ಗಿ ಬಂತು. ಆ ಸಲ ಜೋಳ ಚೆನ್ನಾಗಿ ಬಂದಿತ್ತು. ತಾಯಿ ಹೊಸ ಜೋಳ ಬೀಸಿ ರೊಟ್ಟಿ ಬಡಿದಳು. ಇಬ್ಬರೂ ಎದುರುಬದುರು ಕುಳಿತರು. ರೈತ ಒಂದು ತುತ್ತು ಮುರಿದು ಬಾಯಿಯ ಹತ್ತಿರ ಒಯ್ದ. ಅಲ್ಲಿಗೆ ಕೈ ನಿಂತುಬಿಟ್ಟಿತು.

ಮೇಷ್ಟ್ರು ಹೇಳಿದ್ದು ಅವನಿಗೆ ಈಗ ಅರ್ಥವಾಗಿತ್ತು. ತಮ್ಮನನ್ನು ಕೊಂದ ಗಾಳಿಯನ್ನು ತಾನೇ ಕಂಬಳಿ ಬೀಸಿ ಈ ಪೈರಿನ ಮೇಲೆ ತಳ್ಳಿದ್ದ. ಪೈರು ಅದನ್ನು ಉಂಡಿತ್ತು. ಕೈಯಲ್ಲಿದ್ದ ರೊಟ್ಟಿ ಇನ್ನೂ ಬಿಸಿಯಾಗಿತ್ತು. ತುತ್ತನ್ನು ತಟ್ಟೆಗೆ ಹಾಕಲೂ ಆಗದೆ, ಬಾಯಿಗೆ ಇಡಲೂ ಆಗದೆ, ಮನಸ್ಸಿಗೆ ಬಂದದ್ದನ್ನು ತಾಯಿಗೆ ಹೇಳಿದ.

ತಾಯಿ ಅಗಿಯುವುದನ್ನು ನಿಲ್ಲಿಸಿದಳು. ಕೈಯಲ್ಲಿದ್ದ ರೊಟ್ಟಿಯನ್ನು ನೋಡಿದಳು.

"ಅವನು ಬಿಟ್ಟ ಉಸಿರೂ ಆ ಗುಂಡಿಯಲ್ಲೇ ಇತ್ತಲ್ಲಪ್ಪಾ," ಎಂದಳು. "ಅದನ್ನೂ ನೀನೇ ಬೀಸಿ ಹೊರಗೆ ಹಾಕಿದೆ."

ತಟ್ಟೆಯಲ್ಲಿ ಉದುರಿದ್ದ ಚೂರುಗಳನ್ನೆಲ್ಲ ಅವಳು ಬೆರಳಿಗೆ ಅಂಟಿಸಿಕೊಂಡು ತಿಂದಳು. ನೆಲಕ್ಕೆ ಬಿದ್ದದ್ದನ್ನೂ ಬಿಡಲಿಲ್ಲ. ಆಮೇಲೆ ಮಗನ ಕಡೆ ನೋಡಿದಳು. ಅವನ ಕೈ ಇನ್ನೂ ಬಾಯಿಯ ಹತ್ತಿರವೇ ಇತ್ತು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ನಿರುಪಾದಿಗೆ ತಡೆಯಲಾಗಲಿಲ್ಲ. ರೈತ ಆ ತುತ್ತನ್ನು ಉಂಡನೇ ಎಂದು ಕೇಳಿದ.

ಗುರುಗಳು ಹೇಳಿದರು: "ಉಣ್ಣಲೋ ಬೇಡವೋ ಎಂದು ಯೋಚಿಸುತ್ತ ಕುಳಿತಷ್ಟು ಹೊತ್ತೂ ಆ ಉಸಿರು ಬೆರೆತ ಗಾಳಿಯನ್ನು ಅವನು ಉಸಿರಾಡುತ್ತಲೇ ಇದ್ದ."