ಬೇರಿಲ್ಲದ ಕೊಂಬೆಗಳು

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಮರುಳಯ್ಯ ಎಂಬ ಗುರು, ನೀಲಾಂಬಿಕೆ ಎಂಬ ಶಿಷ್ಯೆ.

ಆಶ್ರಮದ ಹೊಲ ಒಂದು ಕಾಲಕ್ಕೆ ಕಾಡಾಗಿತ್ತು. ಹಿಂದಿನವರು ಮರ ಕಡಿದು ಜೋಳ ಬಿತ್ತಿದ್ದರು.

ದೂರದ ಸಿಮೆಂಟ್ ಕಾರ್ಖಾನೆಯವರು ಬಂದು ಕೇಳಿದರು: "ಇಲ್ಲಿ ಈ ನೆಲದ್ದೇ ಮರ ಬೆಳೆಸಿ. ಅವು ಹೀರುವಷ್ಟು ಇಂಗಾಲವನ್ನು ನಮ್ಮ ಹೊಗೆಯ ಲೆಕ್ಕದಿಂದ ಕಳೆದು, ಅಷ್ಟು ಹೊಗೆ ಬಿಡುತ್ತೇವೆ. ಖರ್ಚು ನಮ್ಮದು."

ಗುರು ಒಪ್ಪಿದರು. ನೀಲಾಂಬಿಕೆ ಮತ್ತಿ, ಹೊನ್ನೆ, ಹಿಪ್ಪೆ, ನೇರಳೆ ಎಂದು ಐನೂರು ಸಸಿ ನೆಟ್ಟಳು.

ಬೇಸಿಗೆಯಲ್ಲಿ ಪಂಪು ಕೆಟ್ಟಿತು. ಬೈಸಿಕೊಳ್ಳುವ ಭಯಕ್ಕೆ ಅವಳು ಯಾರಿಗೂ ಹೇಳದೆ ತಾನೇ ಕೊಡ ಹೊತ್ತಳು. ಆದರೂ ಮುನ್ನೂರು ಸಸಿ ಒಣಗಿದವು.

ಕಾರ್ಖಾನೆಯಿಂದ ಗಿಡ ಎಣಿಸುವವರು ನಾಳೆ ಬರುತ್ತಾರೆಂದು ಸುದ್ದಿ ಬಂತು. ಅವಳು ಹೊಳೆಯಂಚಿನ ಮರಗಳಿಂದ ಹಸಿರು ಕೊಂಬೆ ತರಿದು, ಸತ್ತ ಸಸಿ ಕಿತ್ತು, ಆ ಗುಂಡಿಗಳಲ್ಲಿ ಊರಿದಳು. ಹೊತ್ತು ಮುಳುಗುವವರೆಗೂ ಊರಿದಳು.

ಮರುದಿನ ಜೀಪಿನಲ್ಲಿ ಇಬ್ಬರು ಬಂದರು. ಸಾಲಿನುದ್ದಕ್ಕೂ ನಡೆದು ಐನೂರು ಎಂದು ಬರೆದುಕೊಂಡರು. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯತೊಡಗಿದರು.

ಗುರು ಅಡುಗೆಮನೆಗೆ ಬಂದರು. ಕಂಕುಳಲ್ಲಿ ಹೊಲದಿಂದ ಕಿತ್ತ ಒಂದು ಹೊರೆ ಕೊಂಬೆ. ಒಂದಕ್ಕೂ ಬೇರಿರಲಿಲ್ಲ.

ನೀಲಾಂಬಿಕೆಗೆ ಗುರುತು ಸಿಕ್ಕಿತು: ನಿನ್ನೆ ತಾನೇ ಊರಿದವು.

"ಒಲೆ ಹಚ್ಚು," ಎಂದರು ಗುರು. ಬಾಗಿಲು ಕಿಟಕಿ ಮುಚ್ಚಿ ಅವಳ ಪಕ್ಕದಲ್ಲೇ ಕೂತರು.

ಹಸಿ ಕಟ್ಟಿಗೆ ಉರಿಯಲಿಲ್ಲ, ಹೊಗೆಯಾಡಿತು. ಇಬ್ಬರಿಗೂ ಕೆಮ್ಮು ಹತ್ತಿತು.

"ಗುರುಗಳೇ, ಬಾಗಿಲು ತೆಗೀರಿ! ಉಸಿರು ಕಟ್ಟುತ್ತಿದೆ!"

"ಹೊಲದಲ್ಲಿ ಐನೂರು ಗಿಡ ಇವೆಯಂತಲ್ಲ ಮಗಳೇ. ಈ ಹೊಗೆಯನ್ನು ಅವು ಕುಡಿಯಲಿ ಬಿಡು."

"ಇಲ್ಲ, ಮುನ್ನೂರು ಸತ್ತಿವೆ!" ಅವಳು ಅತ್ತೇಬಿಟ್ಟಳು. "ಕೆಲಸ ನಿಂತುಹೋಗುತ್ತದೆ, ನಿಮ್ಮ ಹೆಸರು ಕೆಡುತ್ತದೆ ಅಂತ ಹೆದರಿದೆ."

"ಈ ಐನೂರನ್ನು ನಂಬಿ ಕಾರ್ಖಾನೆಯವರು ಅಷ್ಟು ಹೊಗೆ ಬಿಡುತ್ತಾರೆ," ಎಂದು ಗುರು ಬಾಗಿಲು ತೆಗೆದರು. "ಅವರು ಇನ್ನೂ ಜಗಲಿಯಲ್ಲೇ ಇದ್ದಾರೆ."

ಹತ್ತು ಹೆಜ್ಜೆಯ ದಾರಿ. ಅವಳು ಜಗಲಿಗೆ ನಡೆದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಇಬ್ಬರಲ್ಲಿ ಹಿರಿಯವನು ಲೋಟ ಕೆಳಗಿಟ್ಟ. ಹೊಲಕ್ಕೆ ಹೋಗಿ ಒಂದೊಂದೇ ಕೊಂಬೆ ಎಳೆದು ನೋಡಿದ. ಐನೂರನ್ನು ಹೊಡೆದುಹಾಕಿ ಇನ್ನೂರು ಎಂದು ಬರೆದ.

"ಮಳೆಗಾಲಕ್ಕೆ ಮತ್ತೆ ಬರುತ್ತೇವೆ," ಎಂದ. "ಯಾವತ್ತು ಅಂತ ಹೇಳುವುದಿಲ್ಲ. ಇವೂ ಹೋದರೆ ಒಪ್ಪಂದ ಮುಗಿಯಿತು."

ಜೀಪು ಹೋದ ಮೇಲೆ ಅವಳು ಗುರುವಿನ ಬಳಿ ಬಂದಳು.

"ಹೇಳಿಬಿಟ್ಟೆ ಗುರುಗಳೇ. ಆದರೂ ಭಯ ಹೋಗಲಿಲ್ಲ."

"ನಿನ್ನೆ ಅವರು ಬರುತ್ತಾರೆಂದು ಹೆದರಿದ್ದೆ. ಈಗ ಯಾವುದರ ಭಯ?"

ಅವಳು ಹೊಲದ ಕಡೆ ನೋಡಿದಳು. "ಉಳಿದ ಇನ್ನೂರೂ ಸತ್ತರೆ?"

ಗುರು ಅವಳ ತಲೆಯ ಮೇಲೆ ಕೈಯಿಟ್ಟರು.

"ಈ ಭಯ ಇರಲಿ ಬಿಡು. ಗಿಡಕ್ಕೆ ಕಾವಲು ಬೇಕು."